ಸುದ್ದಿ ಎಡಿಟಿಂಗ್‌ಗೆ ಯಾವ ಫಾರ್ಮ್ಯಾಟ್? ಪೆಟ್ಟು ತಿಂದವರು ಹೇಳಿ

ಕೇಳಿದವರು:
ಆರು ಎಡಿಟ್ ಸೀಟು, ಒಂದೇ ಶೇರ್ಡ್ ಸ್ಟೋರೇಜ್, ಸರ್ವರ್‌ನಿಂದ ಹೊರಡುವುದು ಒಂದೇ ಗಿಗಾಬಿಟ್ ಲೈನು. ಗಂಟೆಗೊಂದು ಬುಲೆಟಿನ್. ಕ್ಯಾಮೆರಾಗಳು ಎಕ್ಸ್‌ಡಿಕ್ಯಾಮ್ 422 ಕೊಡುತ್ತವೆ, ಜೊತೆಗೆ ವರದಿಗಾರರ ಮೊಬೈಲ್ ವಿಡಿಯೋ. ಬಂದದ್ದನ್ನು ಬಂದ ಹಾಗೇ 50 ಮೆಗಾಬಿಟ್‌ನಲ್ಲಿ ಕಟ್ ಮಾಡುವುದಾ, ಇಂಜೆಸ್ಟ್‌ನಲ್ಲೇ (ಫೈಲ್ ಒಳಗೆ ತರುವಾಗಲೇ) ಎಲ್ಲವನ್ನೂ ಡಿಎನ್‌ಎಕ್ಸ್‌ಎಚ್‌ಡಿ 120ಕ್ಕೆ (120 ಮೆಗಾಬಿಟ್‌ನ ಇಂಟ್ರಾ ಫಾರ್ಮ್ಯಾಟ್, ಪ್ರತಿ ಫ್ರೇಮನ್ನೂ ಪೂರ್ತಿ ಇಡುವುದು) ತಿರುಗಿಸುವುದಾ? ನಾಲ್ಕು ದಿನದಲ್ಲಿ ತೀರ್ಮಾನ ಹೇಳಬೇಕು.

ರಾತ್ರಿ ಪಾಳಿ ಎಡಿಟರ್:
ತಿರುಗಿಸಲೇಬೇಡಿ. ನಾವು ತಿರುಗಿಸಿ ಕೆಟ್ಟೆವು. ಒಂದು ಸಂಜೆ 40 ನಿಮಿಷದ ಪತ್ರಿಕಾಗೋಷ್ಠಿಯ ಕಾರ್ಡ್ 7.31ಕ್ಕೆ ಬಂತು. 8ಕ್ಕೆ ಬುಲೆಟಿನ್. ಟ್ರಾನ್ಸ್‌ಕೋಡ್ (ಈ ತಿರುಗಿಸುವ ಕೆಲಸ) ಎರಡು ಪಟ್ಟು ವೇಗದಲ್ಲಿ ಓಡಿದರೂ 20 ನಿಮಿಷ ಬೇಕಲ್ವಾ? ಹಸಿರು ಪಟ್ಟಿ ತೆವಳುವುದನ್ನು ನೋಡುತ್ತಾ ನಾನು, ನನ್ನ ಬೆನ್ನ ಹಿಂದೆ ಪ್ರೊಡ್ಯೂಸರ್, ಅವರ ಹಿಂದೆ ಇನ್ನಿಬ್ಬರು. ಫೈಲ್ ಕೈಗೆ ಸಿಕ್ಕಿದ್ದು 7.52ಕ್ಕೆ. ನಮಗೆ ಬೇಕಾಗಿದ್ದದ್ದು 11 ಸೆಕೆಂಡಿನ ಒಂದು ಬೈಟ್, ಮಾತಿನ ತುಣುಕು! ಅದನ್ನು ಹುಡುಕಿ, ಕತ್ತರಿಸಿ, ಎಕ್ಸ್‌ಪೋರ್ಟ್ ಮಾಡುವಷ್ಟರಲ್ಲಿ ಹೆಡ್‌ಲೈನ್ ಮುಗಿದಿತ್ತು.

ಡಿಸ್ಕ್ ಕಥೆ ಬೇರೆ. 120ರಲ್ಲಿ ಗಂಟೆಗೆ 54 ಜಿಬಿ, 50ರಲ್ಲಿ 22.5. ಅದೂ ಆಡಿಯೋ ಬಿಟ್ಟು. ಮೂರನೇ ವಾರಕ್ಕೆ ಡಿಸ್ಕ್ ತುಂಬಿತು. ರಾತ್ರಿ ಕೂತು ಹಳೆಯದನ್ನು ಅಳಿಸಿದವನು ನಾನೇ. ಅಳಿಸಿದ್ದು ಬೆಳಗ್ಗೆ ಬೇಕಾಯಿತು. ಬೈಸಿಕೊಂಡವನೂ ನಾನೇ. ಈಗ ಎಲ್ಲವೂ ಬಂದ ಹಾಗೇ 50ರಲ್ಲಿ. ಸ್ಮಾರ್ಟ್ ರೆಂಡರ್ ಇದೆ, ಕಟ್ ಆದ ಜಾಗದಲ್ಲಷ್ಟೇ ಹೊಸದಾಗಿ ಎನ್‌ಕೋಡ್, ಉಳಿದದ್ದು ನೇರ ಕಾಪಿ.

ಇಂಟ್ರಾ ಬಿಟ್ಟು ಬೇರೆ ಮುಟ್ಟದವನು:
ಟ್ರಾನ್ಸ್‌ಕೋಡ್‌ಗೆ ಇಡೀ ಕಾರ್ಡ್ ಹಾಕಿದ್ದು ಯಾರು? 11 ಸೆಕೆಂಡು ಬೇಕಿದ್ದರೆ ಇನ್-ಔಟ್ (ಶುರು, ಕೊನೆಯ ಗುರುತು) ಹಾಕಿ ಆ ತುಂಡನ್ನಷ್ಟೇ ತರಬೇಕಿತ್ತು. ತಪ್ಪು ನಿಮ್ಮದು, ಬೈಗುಳ ಫಾರ್ಮ್ಯಾಟಿಗೆ.

ಲಾಂಗ್ ಗೋಪ್ (ಫ್ರೇಮುಗಳ ಗುಂಪಿಗೊಂದನ್ನು ಮಾತ್ರ ಪೂರ್ತಿ ಇಟ್ಟು, ಉಳಿದವುಗಳಲ್ಲಿ ಬದಲಾದದ್ದನ್ನಷ್ಟೇ ಬರೆಯುವ ನಿಮ್ಮ ಎಕ್ಸ್‌ಡಿಕ್ಯಾಮ್ ಬಗೆ) ನನಗೇನು ಮಾಡಿತು ಕೇಳಿ. ಪ್ರವಾಹದ ಒಂದು ಏರಿಯಲ್ ಶಾಟ್. ಮಳೆ ಸುದ್ದಿ ಬಂದಾಗಲೆಲ್ಲಾ ಅದೇ ಫೈಲ್ ಶಾಟ್. ಒರಿಜಿನಲ್ ಯಾರೂ ಇಡಲಿಲ್ಲ. ಹೋದ ಸಲದ ಪ್ಯಾಕೇಜ್‌ನಿಂದ ಎತ್ತುವುದು, ಸ್ವಲ್ಪ ಕಲರ್, ಸ್ವಲ್ಪ ಜೂಮ್, ಮತ್ತೆ ಎಕ್ಸ್‌ಪೋರ್ಟ್. ಐದನೇ ಸಲಕ್ಕೆ ಅದು ನೀರೋ ಚದುರಂಗದ ಮಣೆಯೋ ಗೊತ್ತಾಗುತ್ತಿರಲಿಲ್ಲ. 8 ಬಿಟ್, ಅದರ ಮೇಲೆ 12 ಫ್ರೇಮಿನ ಗೋಪ್. ಅಲೆ, ಗುಂಪು, ಫೋಟೋಗ್ರಾಫರ್‌ಗಳ ಫ್ಲ್ಯಾಶ್, ಇವು ಮೂರೂ ಅದಕ್ಕೆ ಆಗದ ವೈರಿಗಳು. ನಿಮ್ಮ ಸ್ಮಾರ್ಟ್ ರೆಂಡರ್ ಕೂಡ ಕ್ಲಿಪ್ ಮುಟ್ಟದಿದ್ದರೆ ಮಾತ್ರ. ನಿಮ್ಮ ಪ್ರೊಡ್ಯೂಸರ್ ಕೆಂಪು ವೃತ್ತ, ಬಾಣ ಕೇಳುವುದೇ ಇಲ್ವಾ?

ರಾತ್ರಿ ಪಾಳಿ ಎಡಿಟರ್:
ಕೇಳುತ್ತಾರೆ. ವೃತ್ತ ಇರುವ ನಾಲ್ಕು ಸೆಕೆಂಡು ಮಾತ್ರ ರೆಂಡರ್ ಆಗುತ್ತದೆ. ಸ್ಟ್ರಾಪ್ (ಕೆಳಗಿನ ಬರಹದ ಪಟ್ಟಿ), ಹೆಸರು ಎಲ್ಲಾ ಸಿಜಿಯವರು, ಅಂದರೆ ಗ್ರಾಫಿಕ್ಸ್‌ನವರು, ಪಿಸಿಆರ್‌ನಲ್ಲಿ (ಪ್ರೊಡಕ್ಷನ್ ಕಂಟ್ರೋಲ್ ರೂಮಿನಲ್ಲಿ) ಹಾಕುತ್ತಾರೆ. ಒರಿಜಿನಲ್ ಇಡದಿದ್ದದ್ದಕ್ಕೂ ಗೋಪ್ ಕಾರಣ ಅಂದರೆ ಇನ್ನೇನು ಹೇಳಲಿ.

ಇಂಜೆಸ್ಟ್ ಡೆಸ್ಕ್:
ಇಬ್ಬರೂ ಕೋಡೆಕ್ (ವಿಡಿಯೋ ಕುಗ್ಗಿಸುವ ವಿಧಾನ) ಅಂತ ಕಿತ್ತಾಡಿ. ನನ್ನ ಗಾಯ ಇರುವುದು ಡಬ್ಬಿಯಲ್ಲಿ, ಅಂದರೆ ಚಿತ್ರ, ದನಿ ತುಂಬಿಡುವ ಫೈಲ್ ಬಗೆಯಲ್ಲಿ. ಲೈವ್ ಫೀಡ್ ಅನ್ನು ಎಂಒವಿಯಲ್ಲಿ ರೆಕಾರ್ಡ್ ಮಾಡುತ್ತಿದ್ದೆ. 34ನೇ ನಿಮಿಷಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ದಿನವಾಗಿತ್ತೋ! ಫೈಲ್ ಸೈಜ್ ನೋಡಿದರೆ ಮೂವತ್ತು ಜಿಬಿ ಹತ್ತಿರ, ಓಪನ್ ಮಾಡಿದರೆ ಏನೂ ಇಲ್ಲ. ಯಾವ ಫ್ರೇಮ್ ಎಲ್ಲಿದೆ ಎಂಬ ಪಟ್ಟಿಯನ್ನು ಅದು ರೆಕಾರ್ಡಿಂಗ್ ನಿಲ್ಲಿಸಿದಾಗ ಕೊನೆಗೆ ಬರೆಯುತ್ತದೆ. ಕೊನೆಯೇ ಬರಲಿಲ್ಲ. ರಿಪೇರಿ ಸಾಫ್ಟ್‌ವೇರ್‌ನಲ್ಲಿ ಎರಡು ದಿನ ಒದ್ದಾಡಿ ಚಿತ್ರ ಬಂತು, ದನಿ ಬರಲಿಲ್ಲ. ಈಗ ಎಂಎಕ್ಸ್‌ಎಫ್ ಓಪಿ1ಎ ಎಂಬ ಬೇರೆ ಡಬ್ಬಿ. ರೆಕಾರ್ಡ್ ಆಗುತ್ತಿರುವಾಗಲೇ ಎಡಿಟರ್ ಆ ಫೈಲನ್ನು ಟೈಮ್‌ಲೈನ್‌ಗೆ ಎಳೆದುಕೊಳ್ಳುತ್ತಾನೆ.

ಇಂಟ್ರಾ ಬಿಟ್ಟು ಬೇರೆ ಮುಟ್ಟದವನು:
ಫ್ರ್ಯಾಗ್ಮೆಂಟ್ ಮಾಡಿ ಬರೆಯುವ ರೆಕಾರ್ಡರ್‌ಗಳಿವೆ. ಕರೆಂಟ್ ಹೋದರೂ ಕೊನೆಯ ತುಂಡು ಮಾತ್ರ ಹೋಗುತ್ತದೆ.

ಇಂಜೆಸ್ಟ್ ಡೆಸ್ಕ್:
ಇರಬಹುದು ಸ್ವಾಮಿ. ಅವತ್ತು ನನ್ನ ಮೇಜಿನ ಮೇಲೆ ಇರಲಿಲ್ಲ.

ಮೊಬೈಲ್ ವಿಡಿಯೋ ತೊಳೆಯುವವಳು:
ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಮೊಬೈಲ್ ಫೈಲನ್ನು ನೇರವಾಗಿ ಟೈಮ್‌ಲೈನ್‌ಗೆ ಹಾಕಬೇಡಿ. ಫ್ರೇಮ್ ರೇಟ್ ಒಂದೇ ಸಮ ಇರುವುದಿಲ್ಲ, ಬೆಳಕು ಕಡಿಮೆಯಾದರೆ ಇಳಿಯುತ್ತದೆ. 22 ನಿಮಿಷದ ಸಂದರ್ಶನ. ಶುರುವಿನಲ್ಲಿ ತುಟಿ ಸರಿ ಇತ್ತು, ಕೊನೆಗೆ ಮಾತು ಮುಗಿದ ಮೇಲೂ ಬಾಯಿ ಆಡುತ್ತಿತ್ತು. ನಾನು ಮೊದಲ ಎರಡು ನಿಮಿಷ ನೋಡಿ ಓಕೆ ಅಂದಿದ್ದೆ, ಏರ್ ಆಯಿತು. ಈಗ ಮೊದಲು ಸೆಕೆಂಡಿಗೆ 25 ಫ್ರೇಮಿಗೆ ಕಟ್ಟಿಹಾಕಿ, ಆಮೇಲೆ ಮುಂದಕ್ಕೆ. ಫೋನ್ ನೆಟ್ಟಗೆ ಹಿಡಿದು ತೆಗೆದ ವಿಡಿಯೋದ ಅಕ್ಕಪಕ್ಕ ಮಬ್ಬು ತುಂಬಿಸುವವರಿಗೂ ಒಂದು ನಮಸ್ಕಾರ. ಕಪ್ಪು ಬಿಟ್ಟರೆ ಏನು ಹೋಗುತ್ತದೆ?

ರಾತ್ರಿ ಪಾಳಿ ಎಡಿಟರ್:
ಕಪ್ಪು ಬಿಟ್ಟರೆ ಟಿವಿ ಕೆಟ್ಟಿದೆ ಅಂತ ಫೋನ್ ಬರುತ್ತದೆ. ನೀವು ಎತ್ತುತ್ತೀರಾ?

ಮೊಬೈಲ್ ವಿಡಿಯೋ ತೊಳೆಯುವವಳು:
ಎತ್ತುತ್ತೇನೆ. ಆ ಮಬ್ಬು ಲಾಂಗ್ ಗೋಪ್‌ನಲ್ಲಿ ಹೇಗೆ ಕದಡುತ್ತದೆ ಅಂತಲೂ ಹೇಳುತ್ತೇನೆ.

ಕೇಳಿದವರು:
ಆರು ಸೀಟು, ಒಂದು ಲೈನು ಅಂದಿದ್ದೆ. ಅದರ ಬಗ್ಗೆ ಯಾರಾದರೂ?

ಇಂಜೆಸ್ಟ್ ಡೆಸ್ಕ್:
ಸುಮ್ನೆ ಗುಣಿಸಿ ನೋಡಿ. ಸೀಟಿಗೆ ಎರಡು ಲೇಯರ್ ಅಂದರೆ 12 ಸ್ಟ್ರೀಮ್. 120ರಲ್ಲಿ ಒಂದಕ್ಕೆ ಸೆಕೆಂಡಿಗೆ 15 ಮೆಗಾಬೈಟ್, ಒಟ್ಟು 180. ಗಿಗಾಬಿಟ್ ಲೈನು ಹೆಚ್ಚೆಂದರೆ 110 ಕೊಡುತ್ತದೆ. 50ರಲ್ಲಿ ಒಟ್ಟು 75.

ಇಂಟ್ರಾ ಬಿಟ್ಟು ಬೇರೆ ಮುಟ್ಟದವನು:
ಲೈನಿನ ಮೇಲೆ ಯಾರು ಕಟ್ ಮಾಡುತ್ತಾರೆ? ನಾವು ಸೀಟಿನ ಎಸ್‌ಎಸ್‌ಡಿಗೆ ಕಾಪಿ ಮಾಡಿಕೊಂಡೇ ಕೂರುವುದು.

ರಾತ್ರಿ ಪಾಳಿ ಎಡಿಟರ್:
ಓಹೋ. ಆ 40 ನಿಮಿಷದ ಫೈಲ್ 36 ಜಿಬಿ. ಕಾಪಿಗೆ ಎಷ್ಟು ಹೊತ್ತು?

ಇಂಟ್ರಾ ಬಿಟ್ಟು ಬೇರೆ ಮುಟ್ಟದವನು:
ಲೈನು ಖಾಲಿ ಇದ್ದರೆ ಐದೂವರೆ ನಿಮಿಷ.

ರಾತ್ರಿ ಪಾಳಿ ಎಡಿಟರ್:
ಬುಲೆಟಿನ್‌ಗೆ ಹತ್ತು ನಿಮಿಷ ಇರುವಾಗ ಲೈನು ಖಾಲಿ ಇದ್ದದ್ದನ್ನು ನೀವು ನೋಡಿದ್ದೀರಾ?