ವರ್ಡ್ ಫೈಲಿನಲ್ಲಿ ಕನ್ನಡ ಫಾಂಟ್ ಎಂಬೆಡ್ ಮಾಡಿದರೂ ಆಚೆ ಕಡೆ ಬದಲಾಗುತ್ತಿದೆ, ಫಾಂಟನ್ನೇ ಕಳಿಸಬಹುದೇ?

ಘಟಪ್ರಭಾ_ಕಚೇರಿ (ಬಾಗಲಕೋಟೆ):

ಎಲ್ಲರಿಗೂ ನಮಸ್ಕಾರ. ಪತ್ತಿನ ಸಹಕಾರಿ ಸಂಘದ ವಾರ್ಷಿಕ ವರದಿ, ಒಟ್ಟು 64 ಪುಟ, ವರ್ಡ್‌ನಲ್ಲಿ ತಯಾರಾಗುತ್ತಿದೆ. ಜಮಖಂಡಿ, ಅಥಣಿ ಕಡೆಯ ಸದಸ್ಯರಿಗಾಗಿ ಮರಾಠಿಯ 4 ಪುಟ ಅದರಲ್ಲೇ ಇವೆ. ಕರಡು ಇಲ್ಲಿಂದ ವಿಜಯಪುರದ ಆಡಿಟರ್ ಕಚೇರಿಗೆ ಹೋಗಿ, ತಿದ್ದಿಸಿಕೊಂಡು ಬಂದು, ಕೊನೆಗೆ ಬೆಳಗಾವಿಯ ಪ್ರೆಸ್ಸಿಗೆ ಹೋಗಬೇಕು.

ತಲೆಬರಹಗಳಿಗೆ ದುಡ್ಡು ಕೊಟ್ಟು ಕೊಂಡ ಫಾಂಟ್ ಬಳಸಿದೆ. ಸೇವ್ ಮಾಡುವಾಗ ಎಂಬೆಡ್ (ಫಾಂಟನ್ನು ಕಡತದೊಳಗೇ ಸೇರಿಸುವ) ಟಿಕ್ ಹಾಕಿದ್ದರೂ ವಿಜಯಪುರದಲ್ಲಿ ತೆರೆದಾಗ ತಲೆಬರಹಗಳು ಬೇರೆ ಅಕ್ಷರಕ್ಕೆ ತಿರುಗಿ, ಪುಟ 67 ಆಗುತ್ತವೆ. ಪರಿವಿಡಿಯ ಪುಟಸಂಖ್ಯೆ ಎಲ್ಲಾ ತಪ್ಪು. ಹಳೆಯ ವರದಿಯಿಂದ ಎತ್ತಿಕೊಂಡ, ನುಡಿ 01 ಇ ಎಂಬ ಹಳೆಯ ಕನ್ನಡ ಫಾಂಟಿನ ಪುಟಗಳಂತೂ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತವೆ. ಪ್ರೆಸ್ಸಿನವರು "ಫಾಂಟ್ ಫೈಲನ್ನೇ ವಾಟ್ಸಾಪ್‌ನಲ್ಲಿ ಹಾಕಿಬಿಡ್ರಿ" ಅಂತಾರೆ. ಹಾಗೆ ಕಳಿಸುವುದು ಲೈಸೆನ್ಸಿಗೆ ಸರಿಯೇ? ಎಂಬೆಡ್ ಯಾಕೆ ಹಿಡಿಯುತ್ತಿಲ್ಲ?

ಖಡೇಬಜಾರ್_ಡಿಟಿಪಿ (ಬೆಳಗಾವಿ):

ಮೊದಲ ಆ ಫಾಂಟ್ ಒಳಗ ಏನು ಬರದೈತಿ ನೋಡ್ರಿ. ಸಿ ಡ್ರೈವಿನ ವಿಂಡೋಸ್ ಫೋಲ್ಡರಿನ ಒಳಗಿನ ಫಾಂಟ್ಸ್ ತೆಗೀರಿ, ವ್ಯೂ ಡೀಟೇಲ್ಸ್‌ಗೆ ಹಾಕ್ರಿ. 'ಫಾಂಟ್ ಎಂಬೆಡಬಿಲಿಟಿ' ಅಂತ ಒಂದು ಕಾಲಮ್ ಬರತೈತಿ. ಕಾಣದಿದ್ದರ ಕಾಲಮ್ ತಲಿ ಮ್ಯಾಲ ರೈಟ್ ಕ್ಲಿಕ್ ಮಾಡಿ ಸೇರಿಸ್ಕೋರಿ. ಅಲ್ಲಿ ಕಾಣೋದು ಫಾಂಟಿನ ಓಎಸ್/2 ಟೇಬಲ್ಲಿನ (ಫಾಂಟ್ ಫೈಲಿನ ಒಳಗಿನ ಒಂದು ಮಾಹಿತಿ ಪಟ್ಟಿ) ಎಫ್‌ಎಸ್‌ಟೈಪ್ ಅನ್ನೋ ಸಂಖ್ಯೆಯ ಅರ್ಥ.

0 ಇದ್ದರ 'ಇನ್‌ಸ್ಟಾಲೇಬಲ್', ಅಡ್ಡಿ ಇಲ್ಲ. 8 ಇದ್ದರ 'ಎಡಿಟೇಬಲ್', ಫೈಲ್ ತೆಗೆದವರು ತಿದ್ದಿ ಸೇವ್ ಮಾಡಬಹುದು. 4 ಇದ್ದರ 'ಪ್ರಿಂಟ್ ಅಂಡ್ ಪ್ರಿವ್ಯೂ', ಅಂದ್ರ ನೋಡಾಕ, ಪ್ರಿಂಟ್ ತೆಗಿಯಾಕ ಮಾತ್ರ. ಅಂಥಾ ಫಾಂಟ್ ಇರೋ ಫೈಲನ್ನ ತಿದ್ದಾಕ ಬರದಂಗ, ಓದಾಕಷ್ಟ ತೆಗೀಬೇಕು ಅಂತ ಓಪನ್‌ಟೈಪ್ ನಿಯಮ. 2 ಇದ್ದರ 'ರಿಸ್ಟ್ರಿಕ್ಟೆಡ್', ಮಾಲಕರ ಅನುಮತಿ ಇಲ್ಲದ ಎಂಬೆಡ್ ಮಾಡೂ ಹಂಗಿಲ್ಲ. ಆಡಿಟರ್ ತಿದ್ದಬೇಕು ಅಂದ್ರ ನಿಮಗ 0 ಇಲ್ಲಾ 8 ಬೇಕ ಬೇಕು.

ಇನ್ನೊಂದು ಕಾರಣ ಭಾಳ ಮಂದಿಗೆ ಹೊಳಿಯೂದಿಲ್ಲ. ಓಟಿಎಫ್ ಫೈಲಿನ ಒಳಗ ಪೋಸ್ಟ್‌ಸ್ಕ್ರಿಪ್ಟ್ ನಮೂನಿ ಅಕ್ಷರದ ಗೆರಿ ಇದ್ದರ ವರ್ಡ್ ಅದನ್ನ ಎಂಬೆಡ್ ಮಾಡೂದಿಲ್ಲ, ಲೈಸೆನ್ಸ್ ಎಷ್ಟೇ ಸಡಿಲ ಇರಲಿ. ಟಿಟಿಎಫ್ (ಟ್ರೂಟೈಪ್ ಅನ್ನೋ ಇನ್ನೊಂದು ಬಗಿ ಫಾಂಟ್ ಫೈಲ್) ಆವೃತ್ತಿ ಕೊಡ್ರಿ ಅಂತ ಮಾರಿದವರಿಗೇ ಕೇಳ್ರಿ.

ಸೆಟ್ಟಿಂಗ್: ಫೈಲ್, ಆಪ್ಷನ್ಸ್, ಸೇವ್. ಕೆಳಗ 'ಎಂಬೆಡ್ ಫಾಂಟ್ಸ್ ಇನ್ ದ ಫೈಲ್' ಟಿಕ್ ಹಾಕ್ರಿ. ಅದರ ಕೆಳಗಿನ 'ಬಳಸಿದ ಅಕ್ಷರ ಮಾತ್ರ' ಅನ್ನೋ ಟಿಕ್ ತೆಗೀರಿ. ಅದಿದ್ದರ ಫೈಲ್ ಸಣ್ಣದಾಗತೈತಿ ಖರೆ, ಆದರ ಆಡಿಟರ್ ಹೊಸ ಶಬ್ದ ಹೊಡದ್ರ ಅದಕ್ಕ ಬೇಕಾದ ಅಕ್ಷರ, ಒತ್ತು ಫೈಲಿನಾಗ ಇರೂದಿಲ್ಲ. 'ಕಾಮನ್ ಸಿಸ್ಟಮ್ ಫಾಂಟ್ಸ್ ಬೇಡ' ಅನ್ನೋದನ್ನೂ ತೆಗೀರಿ. ವಿಂಡೋಸಿನ ಹಳೇ ಕನ್ನಡ ಫಾಂಟ್ ತುಂಗಾ ಎಲ್ಲಾ ಕಂಪ್ಯೂಟರಿನಾಗ ಇರತೈತಿ ಅಂತ ತಿಳೀಬ್ಯಾಡ್ರಿ, ವಿಂಡೋಸ್ 10 ಬಂದ ಮ್ಯಾಲ ಅದು 'ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್' ಅನ್ನೋ ಐಚ್ಛಿಕ ಭಾಗಕ್ಕ ಹೋಗೈತಿ. ಹೊಸಾ ಮಷಿನ್ನಿನಾಗ ತಾನಾಗಿ ಇರೂದು ನಿರ್ಮಲಾ ಯುಐ.

ಟಿಕ್ ನಂಬಬ್ಯಾಡ್ರಿ, ಫೈಲ್ ಬಿಚ್ಚಿ ನೋಡ್ರಿ. ಡಾಕ್‌ಎಕ್ಸ್ ಫೈಲಿನ ಒಂದು ಕಾಪಿ ಮಾಡಿ, ಹೆಸರಿನ ಕೊನೀಗೆ ಜಿಪ್ ಅಂತ ಬದಲಿಸಿ ತೆಗೀರಿ. ವರ್ಡ್ ಫೋಲ್ಡರಿನ ಒಳಗ ಫಾಂಟ್ಸ್ ಅನ್ನೋ ಫೋಲ್ಡರ್, ಅದರಾಗ ಓಡಿಟಿಟಿಎಫ್ ಅಂತ ಮುಗಿಯೋ ಫೈಲು ಇರಬೇಕು. ಇಲ್ಲಾಂದ್ರ ಫಾಂಟ್ ಒಳಗ ಹೋಗೇ ಇಲ್ಲ.

64ರ ಮ್ಯಾಲ ಕಾಳಜಿ ಇರಲಿ. 16 ಪುಟದ ನಾಕು ಫಾರ್ಮಿಗೆ (ಒಂದ ಹಾಳಿ ಮ್ಯಾಲ ಒಟ್ಟಿಗೆ ಅಚ್ಚಾಗೂ ಪುಟಗಳ ಕಂತಿ) ಅದು ಸರಿ ಕೂಡತೈತಿ. 67 ಆದ್ರ ಪ್ರೆಸ್ಸಿನವರು ಇನ್ನೊಂದು ತುಂಡು ಫಾರ್ಮ್ ಹಾಕಬೇಕು, ಕಾಗದದ ಖರ್ಚು ಸುಮ್ಮನ ಏರತೈತಿ.

ಅಕ್ಷರಪಾಲಕ (ವಿಜಯಪುರ):

ಮೇಲಿನವರು ಹೇಳಿದ ಸಂಖ್ಯೆ ತಂತ್ರಾಂಶಕ್ಕೆ ಕೊಟ್ಟ ಸೂಚನೆ ಮಾತ್ರ. ಅದೇ ಲೈಸೆನ್ಸ್ ಅಲ್ಲ. ಫಾಂಟ್ ಕೊಳ್ಳುವಾಗ ಬಂದ ಕರಾರುಪತ್ರ ತೆಗೆದು ಓದಿ. ಒಳಗೆ 0 ಎಂದಿದ್ದರೂ ಕರಾರಿನಲ್ಲಿ 'ತಿದ್ದಬಹುದಾದ ಕಡತದಲ್ಲಿ ಸೇರಿಸಬಾರದು' ಎಂದಿದ್ದರೆ ಕರಾರೇ ಮುಖ್ಯ. ಎಷ್ಟು ಕಂಪ್ಯೂಟರಿಗೆ ಅನುಮತಿ, ಪಿಡಿಎಫ್‌ಗೆ ಉಂಟೇ, ವೆಬ್‌ಸೈಟಿಗೆ, ಇ-ಪುಸ್ತಕಕ್ಕೆ, ಆ್ಯಪ್‌ಗೆ ಬೇರೆ ದುಡ್ಡೇ ಎಂಬುದೆಲ್ಲ ಅಲ್ಲೇ ಇರುತ್ತದೆ. ನಿಮ್ಮ ವರದಿ ಮುಂದೆ ಸಂಘದ ವೆಬ್‌ಸೈಟಿಗೆ ಪಿಡಿಎಫ್ ಆಗಿ ಹೋಗುವುದಾದರೆ ಆ ಸಾಲನ್ನು ಈಗಲೇ ಹುಡುಕಿ.

ಟಿಟಿಎಫ್ ಅನ್ನು ವಾಟ್ಸಾಪ್‌ನಲ್ಲಿ ಹಾಕುವ ಪ್ರಶ್ನೆ: ಕೊಂಡ ಫಾಂಟಾಗಿದ್ದರೆ, ಕರಾರು ಸ್ಪಷ್ಟವಾಗಿ ಒಪ್ಪದ ಹೊರತು ಬೇಡ. ಎಂಬೆಡ್ ಮಾಡಿದಾಗ ಫಾಂಟು ಆ ಒಂದು ಕಡತದ ಜೊತೆಗಷ್ಟೇ ಹೋಗುತ್ತದೆ. ಟಿಟಿಎಫ್ ಕೊಟ್ಟರೆ ಪ್ರೆಸ್ಸಿನವರು ಅದನ್ನು ನಾಳೆ ಬೇರೆಯವರ ಲಗ್ನಪತ್ರಿಕೆಗೂ ಬಳಸಬಹುದು. ಪ್ರತಿ ಹಂಚಿದ ಹೊಣೆ ಸಂಘದ ಮೇಲೆ ಬರುತ್ತದೆ. ಪ್ರೆಸ್ ತನ್ನದೇ ಲೈಸೆನ್ಸ್ ಕೊಳ್ಳಲಿ, ಇಲ್ಲವೇ ನೀವು ಪಿಡಿಎಫ್ ಕೊಡಿ. ಎಫ್‌ಎಸ್‌ಟೈಪ್ ಸಂಖ್ಯೆಯನ್ನೇ 0 ಮಾಡುವ ಸಾಧನಗಳೂ ಸಿಗುತ್ತವೆ. ದಯವಿಟ್ಟು ಅವನ್ನು ಮುಟ್ಟಬೇಡಿ. ಸಂಖ್ಯೆ ಬದಲಾದರೆ ಅನುಮತಿ ಹುಟ್ಟುವುದಿಲ್ಲ. ಅಕ್ಷರ ಕೊರೆದು, ಒಂದೊಂದು ಒತ್ತಿಗೂ ಜಾಗ ಹೊಂದಿಸಿದವರ ದುಡಿಮೆ ಅದು. ಕನ್ನಡದಲ್ಲಿ ಅಂಥವರು ಮೊದಲೇ ಕಡಿಮೆ.

ಮೂರು ಊರು ಸುತ್ತುವ ಕರಡಿಗೆ ಎಸ್‌ಐಎಲ್ ಓಪನ್ ಫಾಂಟ್ ಲೈಸೆನ್ಸ್ 1.1 (ಮುಕ್ತ ಫಾಂಟುಗಳ ಲೈಸೆನ್ಸ್) ಇರುವ ಫಾಂಟೇ ಸುರಕ್ಷಿತ. ಫಾಂಟ್ ಇದೇ ಲೈಸೆನ್ಸಿನಲ್ಲಿ ಉಳಿಯಬೇಕೆಂಬ ಷರತ್ತು ಆ ಫಾಂಟಿನಿಂದ ತಯಾರಿಸಿದ ದಾಖಲೆಗೆ ಅನ್ವಯಿಸುವುದಿಲ್ಲ ಎಂದು ಅದರಲ್ಲೇ ಬರೆದಿದೆ. ಲೈಸೆನ್ಸ್ ಪಠ್ಯ ಜೊತೆಗಿಟ್ಟರೆ ಫಾಂಟ್ ಫೈಲನ್ನೂ ಹಂಚಬಹುದು; ಬರೀ ಫಾಂಟನ್ನಷ್ಟೇ ಮಾರುವಂತಿಲ್ಲ. ಜಿಪಿಎಲ್ (ಮುಕ್ತ ತಂತ್ರಾಂಶಗಳ ಇನ್ನೊಂದು ಲೈಸೆನ್ಸ್) ಫಾಂಟ್ ಬಳಸುವುದಾದರೆ ಜೊತೆಗೆ 'ಫಾಂಟ್ ವಿನಾಯಿತಿ' ಸಾಲು ಇದೆಯೇ ನೋಡಿ. ಆ ಸಾಲಿಲ್ಲದಿದ್ದರೆ ಎಂಬೆಡ್ ಮಾಡಿದ ದಾಖಲೆಗೂ ಜಿಪಿಎಲ್ ತಗಲುತ್ತದೆಯೇ ಎಂಬ ತಕರಾರಿಗೆ ಎಡೆ ಉಳಿಯುತ್ತದೆ.

ಓಪನ್ ಫಾಂಟ್ ಲೈಸೆನ್ಸಿನವುಗಳಲ್ಲಿ ಒಡಲಿಗೆ ನೋಟೊ ಸೆರಿಫ್ ಕನ್ನಡ, ತಲೆಬರಹಕ್ಕೆ ಬಾಲೂ ತಮ್ಮ 2 ಹಾಕಬಹುದು. ಮರಾಠಿ ತಲೆಬರಹಕ್ಕೆ ಅದೇ ಕುಟುಂಬದ ದೇವನಾಗರಿ ಬಾಲೂ 2 ಇದೆ, ಎರಡೂ ಒಂದೇ ಕೈಯ ಬರಹದಂತೆ ಕಾಣುತ್ತವೆ. ಮರಾಠಿಯವರು ಬರೆಯುವ ಲ, ಶ ಅಕ್ಷರಗಳ ರೂಪ ಹಿಂದಿಯದಕ್ಕಿಂತ ಬೇರೆ. ಆ ರೂಪ ನೇರವಾಗಿ ಬೇಕಿದ್ದರೆ ಟೀರೊ ದೇವನಾಗರಿ ಮರಾಠಿ ಇದೆ, ಅದರ ಜೋಡಿಗೆ ಟೀರೊ ಕನ್ನಡ. ಇವೆರಡರಲ್ಲೂ ಬೋಲ್ಡ್ ಇಲ್ಲ, ರೆಗ್ಯುಲರ್ ಮತ್ತು ಇಟಾಲಿಕ್ ಮಾತ್ರ. ಬಿ ಗುಂಡಿ ಒತ್ತಿದರೆ ವರ್ಡ್ ಗೆರೆ ದಪ್ಪ ಮಾಡುತ್ತದೆ, ಕನ್ನಡದ ಒತ್ತಕ್ಷರಗಳ ಕಿಂಡಿ ಮುಚ್ಚಿಕೊಳ್ಳುತ್ತವೆ.

ನೋಟೊ, ಬಾಲೂಗಳನ್ನು ಗೂಗಲ್ ಫಾಂಟ್ಸ್‌ನಿಂದ ಇಳಿಸಿದರೆ ಜಿಪ್‌ನಲ್ಲಿ ಮೇಲೆಯೇ ಸಿಗುವುದು ವೇರಿಯಬಲ್ ಫಾಂಟ್ (ಎಲ್ಲ ದಪ್ಪಗಳೂ ಒಂದೇ ಫೈಲಿನಲ್ಲಿರುವುದು). ಅದನ್ನು ಬಿಡಿ. ಒಳಗಿನ 'ಸ್ಟ್ಯಾಟಿಕ್' ಫೋಲ್ಡರಿನ ರೆಗ್ಯುಲರ್, ಬೋಲ್ಡ್ ಎರಡನ್ನು ಮಾತ್ರ ಹಾಕಿಕೊಳ್ಳಿ. ವರ್ಡ್‌ಗೂ ವೇರಿಯಬಲ್ ಫಾಂಟಿಗೂ ಇನ್ನೂ ಸರಿಯಾಗಿ ಹೊಂದಿಕೆಯಿಲ್ಲ.

ಘಟಪ್ರಭಾ_ಕಚೇರಿ:

ನೋಡಿದೆ. ತಲೆಬರಹದ ಫಾಂಟ್ 'ಪ್ರಿಂಟ್ ಅಂಡ್ ಪ್ರಿವ್ಯೂ', ಅದೂ ಓಟಿಎಫ್. ಜಿಪ್ ಮಾಡಿ ತೆರೆದರೆ ಫಾಂಟ್ಸ್ ಫೋಲ್ಡರೇ ಇಲ್ಲ. ಕರಡಿಗೆ ಬಾಲೂ ತಮ್ಮ ಹಾಕಿ, ಕೊನೆಯ ಪ್ರತಿಗೆ ಮಾತ್ರ ಕೊಂಡ ಫಾಂಟ್ ಹಾಕಿ ಪಿಡಿಎಫ್ ಮಾಡಿದರೆ ನಡೆಯುತ್ತದೆಯೇ? ಆಡಿಟರ್ ಕಚೇರಿಯಲ್ಲಿ ಒಬ್ಬರು ಲಿಬ್ರೆ ಆಫೀಸ್ (ವರ್ಡ್‌ನಂಥ ಉಚಿತ ತಂತ್ರಾಂಶ) ಬಳಸುತ್ತಾರೆ.

ಕೃಷ್ಣಾತೀರ (ಬಾಗಲಕೋಟೆ):

ಕರಾರು ಒಪ್ಪಿದರೆ ನಡೆಯುತ್ತದೆ ಸರ್. ನೋಡಲು, ಪ್ರಿಂಟ್ ಮಾಡಲು ಎಂದೇ ಆ ಅನುಮತಿ ಇರುವುದು. ಆದರೆ ಫಾಂಟ್ ಬದಲಿಸಿದ ಮೇಲೆ ಸಾಲು ಮುರಿಯುವ ಜಾಗ ಬದಲಾಗುತ್ತದೆ. ಆದ್ದರಿಂದ ಬದಲಾವಣೆಯನ್ನು ಸ್ಟೈಲ್‌ನಲ್ಲಿ ಮಾಡಿ, ಪರಿವಿಡಿಯನ್ನು ಎಫ್9 ಒತ್ತಿ ಹೊಸದು ಮಾಡಿ, ಪುಟ 64ಕ್ಕೆ ನಿಂತಿದೆಯೇ ನೋಡಿ. ಸ್ಟೈಲ್ ತಿದ್ದುವಾಗ ಫಾಂಟ್ ಪೆಟ್ಟಿಗೆಯ 'ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್' ಜಾಗವನ್ನೂ ತುಂಬಬೇಕು. ವರ್ಡ್ ಕನ್ನಡವನ್ನು ಆ ಗುಂಪಿಗೆ ಸೇರಿಸುತ್ತದೆ. ಮೇಲಿನ ಲ್ಯಾಟಿನ್ ಜಾಗವನ್ನಷ್ಟೇ ಬದಲಿಸಿದರೆ ಇಂಗ್ಲಿಷ್ ಅಂಕಿ ಬದಲಾಗಿ ಕನ್ನಡ ಹಾಗೇ ಉಳಿಯುತ್ತದೆ.

ಪಿಡಿಎಫ್ ಮಾಡುವಾಗ ಸೇವ್ ಆ್ಯಸ್ ಪೆಟ್ಟಿಗೆಯ ಆಪ್ಷನ್ಸ್ ತೆರೆಯಿರಿ. 'ಬಿಟ್‌ಮ್ಯಾಪ್ ಟೆಕ್ಸ್ಟ್' ಎಂದು ಶುರುವಾಗುವ ಟಿಕ್ ಇದೆ. ಎಂಬೆಡ್ ಆಗದ ಫಾಂಟಿನ ಅಕ್ಷರವನ್ನು ಅದು ಚಿತ್ರ ಮಾಡಿ ಹಾಕುತ್ತದೆ. 800% ದೊಡ್ಡದು ಮಾಡಿದಾಗ ಅಂಚು ಮೆಟ್ಟಿಲು ಮೆಟ್ಟಿಲಾಗಿ ಕಂಡು, ಅಕ್ಷರ ಸೆಲೆಕ್ಟ್ ಆಗದಿದ್ದರೆ ಅದೇ ಆಗಿದೆ ಎಂದು ತಿಳಿಯಿರಿ. ಅದೇ ಪೆಟ್ಟಿಗೆಯಲ್ಲಿ ಪಿಡಿಎಫ್/ಎ (ದೀರ್ಘಕಾಲ ಕಾಪಿಡಲೆಂದು ಇರುವ ಪಿಡಿಎಫ್ ಬಗೆ) ಟಿಕ್ ಹಾಕಿ. ಐಎಸ್‌ಓ 19005 ಎಂಬ ಈ ಮಾನದಂಡದ ಮೊದಲ ಭಾಗ ಬಂದದ್ದು 2005ರಲ್ಲಿ. ಕಾಣುವ ಪ್ರತಿ ಫಾಂಟೂ ಒಳಗಿರಲೇಬೇಕು ಎಂಬುದು ಅದರ ನಿಯಮ.

ಆಮೇಲೆ ಅಡೋಬಿ ರೀಡರ್‌ನಲ್ಲಿ ಕಂಟ್ರೋಲ್ ಡಿ ಒತ್ತಿ, ಫಾಂಟ್ಸ್ ಟ್ಯಾಬ್ ನೋಡಿ. ಪ್ರತಿ ಹೆಸರಿನ ಮುಂದೆ 'ಎಂಬೆಡೆಡ್' ಅಥವಾ 'ಎಂಬೆಡೆಡ್ ಸಬ್‌ಸೆಟ್' (ಬಳಸಿದ ಅಕ್ಷರಗಳಷ್ಟೇ ಒಳಗಿವೆ ಎಂದರ್ಥ) ಇರಬೇಕು. ಪಿಡಿಎಫ್‌ಫಾಂಟ್ಸ್ ಎಂಬ ಕಮಾಂಡ್ ಓಡಿಸಿದರೆ ಫಾಂಟಿನ ಹೆಸರಿಗೆ ಮೊದಲು ಆರು ದೊಡ್ಡಕ್ಷರ ಮತ್ತು ಕೂಡಿಸುವ ಚಿಹ್ನೆ ಕಾಣುತ್ತವೆ, ಅದು ಸಬ್‌ಸೆಟ್‌ನ ಗುರುತು. ಇನ್ನು ತಿದ್ದದ ಪ್ರತಿಗೆ ಸಬ್‌ಸೆಟ್ ಸಾಕು.

ನುಡಿ 01 ಇ ಪುಟಗಳನ್ನು ಎಂಬೆಡ್ ಮಾಡಿ ಮುಚ್ಚಬೇಡಿ. ಅದರ ಒಳಗಿರುವುದು ಇಂಗ್ಲಿಷ್ ಅಕ್ಷರದ ಸಂಕೇತಗಳೇ. ಕಣ್ಣಿಗೆ ಕನ್ನಡ ಕಂಡರೂ ಹುಡುಕಿದರೆ ಸಿಗುವುದಿಲ್ಲ, ಕಾಪಿ ಮಾಡಿದರೆ ಕಸ ಬರುತ್ತದೆ. ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡ್‌ಗೆ ಬದಲಿಸಿ. ಇಡೀ ಪುಟ ಎತ್ತಿ ಪರಿವರ್ತಕಕ್ಕೆ ಹಾಕಿದರೆ ನಡುನಡುವೆ ಇರುವ ನಿಜವಾದ ಇಂಗ್ಲಿಷ್ ಹೆಸರುಗಳೂ ಕನ್ನಡದ ಕಲಸುಮೇಲೋಗರ ಆಗುತ್ತವೆ. ಅಡ್ವಾನ್ಸ್ಡ್ ಫೈಂಡ್‌ನಲ್ಲಿ ಫಾರ್ಮ್ಯಾಟ್, ಫಾಂಟ್ ಎಂದು ಹೋಗಿ ನುಡಿಯನ್ನು ಆರಿಸಿ, ಸಿಕ್ಕ ಭಾಗವನ್ನಷ್ಟೇ ಬದಲಿಸಿ. ಅರ್ಕಾವೊತ್ತು ಇರುವ ಶಬ್ದಗಳನ್ನು (ವರ್ಷ, ಖರ್ಚು, ಕಾರ್ಯದರ್ಶಿ) ಒಂದೊಂದಾಗಿ ಓದಿ ನೋಡಿ.

ಲಿಬ್ರೆ ಆಫೀಸಿನಲ್ಲಿ ಫೈಲ್, ಪ್ರಾಪರ್ಟೀಸ್, ಫಾಂಟ್ ಟ್ಯಾಬ್. ಎಂಬೆಡ್ ಟಿಕ್ ಹಾಕಿದ ಮೇಲೆ ಕೆಳಗೆ ಲಿಪಿಗಳ ಪಟ್ಟಿ ಬರುತ್ತದೆ, 'ಕಾಂಪ್ಲೆಕ್ಸ್' ಉಳಿದಿರಲೇಬೇಕು. ಅದನ್ನು ತೆಗೆದರೆ ಕನ್ನಡ, ಮರಾಠಿ ಎರಡೂ ಹೊರಗುಳಿಯುತ್ತವೆ.

ಖಡೇಬಜಾರ್_ಡಿಟಿಪಿ:

ಕಳಸೂ ಮೊದಲ ನಿಮ್ಮ ಮಷಿನ್ನಿನಾಗ ತಪಾಸಣಿ ಮಾಡಾಕ ಬರತೈತಿ. ವಿಂಡೋಸ್ 10ರ 1809 ಆವೃತ್ತಿಯಿಂದ ಈಚೆಗೆ ಫಾಂಟ್ ಮ್ಯಾಲ ಬರೀ 'ಇನ್‌ಸ್ಟಾಲ್' ಒತ್ತಿದ್ರ ಅದು ಆ ಒಬ್ಬ ಬಳಕೆದಾರನಿಗಷ್ಟ ಕೂಡತೈತಿ. ಅದಕ್ಕ ಇನ್ನೊಂದು ಯೂಸರ್ ಅಕೌಂಟ್ ಮಾಡಿ, ಅಲ್ಲಿಂದ ಫೈಲ್ ತೆಗೀರಿ. 'ಎಲ್ಲಾ ಬಳಕೆದಾರರಿಗೂ' ಅಂತ ಹಾಕಿದ್ದರ ಈ ಪರೀಕ್ಷೆ ಸುಳ್ಳ ಹೇಳತೈತಿ, ಫಾಂಟ್ ತೆಗೆದು ಮತ್ತ ಒಬ್ಬರಿಗಷ್ಟ ಹಾಕ್ಕೋರಿ. ತಲೆಬರಹ ಅಲ್ಲಿ ನಿಂತು, ಪುಟ 64 ಬಂದ್ರ ವಿಜಯಪುರಕ್ಕ ಕಳಸ್ರಿ.