ಗಡಿಯಾಚೆಯ ಬಂಡುಕೋರರ ಶಿಬಿರ: 2008ರಲ್ಲಿ ಕೊಲಂಬಿಯಾ ಮಾಡಿದ್ದು ಆತ್ಮರಕ್ಷಣೆಯೇ?

ಪ್ರಶ್ನೆ (ವಿದ್ಯಾರ್ಥಿನಿ, ಮಾನಸಗಂಗೋತ್ರಿ, ಮೈಸೂರು):

ಎಲ್ಲರಿಗೂ ನಮಸ್ಕಾರ. ನಾನು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೇನೆ. 2008ರ ಮಾರ್ಚ್ 1ರಂದು ಬೆಳಗಾಗುವ ಮುನ್ನ ಕೊಲಂಬಿಯಾದ ಸೇನೆಯು ಗಡಿಯಿಂದ ಸುಮಾರು ಎರಡು ಕಿಲೋಮೀಟರ್ ಒಳಗೆ, ಈಕ್ವೆಡಾರ್‌ನ ಅಂಗೋಸ್ತುರಾ ಎಂಬಲ್ಲಿದ್ದ ಫಾರ್ಕ್ (ಕೊಲಂಬಿಯಾ ಸರ್ಕಾರದ ವಿರುದ್ಧ ಹೋರಾಡುತ್ತಿದ್ದ ಸಶಸ್ತ್ರ ಸಂಘಟನೆ) ಬಂಡುಕೋರರ ಶಿಬಿರಕ್ಕೆ ಬಾಂಬು ಹಾಕಿತು. ಸಂಘಟನೆಯ ಪ್ರಮುಖ ನಾಯಕ ರೌಲ್ ರೆಯೆಸ್ ಮತ್ತು ಮೆಕ್ಸಿಕೋದ ನಾಲ್ವರು ವಿದ್ಯಾರ್ಥಿಗಳೂ ಸೇರಿದಂತೆ ಇಪ್ಪತ್ತಕ್ಕೂ ಹೆಚ್ಚು ಮಂದಿ ಸತ್ತರು. ಈಕ್ವೆಡಾರ್ ರಾಜತಾಂತ್ರಿಕ ಸಂಬಂಧ ಕಡಿದುಕೊಂಡಿತು. ವೆನೆಜುವೆಲಾದ ಅಧ್ಯಕ್ಷ ಹ್ಯೂಗೋ ಚಾವೆಜ್ ಹತ್ತು ಬೆಟಾಲಿಯನ್‌ಗಳನ್ನು ಗಡಿಗೆ ಕಳುಹಿಸುವಂತೆ ಟಿ.ವಿ. ಕಾರ್ಯಕ್ರಮದಲ್ಲೇ ಆಜ್ಞೆ ಮಾಡಿದರು. ತರಗತಿಯ ಚರ್ಚೆಯಲ್ಲಿ ನಾನು ಕೊಲಂಬಿಯಾದ ಪರವಾಗಿ ನಿಂತೆ. ದಶಕಗಳಿಂದ ಅಪಹರಣ, ಕೊಲೆ ನಡೆಸಿದವರು ನದಿ ದಾಟಿ ಪಕ್ಕದ ದೇಶದಲ್ಲಿ ಬೀಡು ಬಿಟ್ಟರೆ ಸರ್ಕಾರವೊಂದು ಕೈಕಟ್ಟಿ ಕೂರಬೇಕೇ? ನನ್ನ ವಾದದಲ್ಲಿ ಎಲ್ಲಿ ತಪ್ಪಿದೆ ಎಂದು ತಿಳಿದವರು ಹೇಳಬೇಕೆಂದು ಕೋರುತ್ತೇನೆ.

ಉತ್ತರ 1 (ನಿವೃತ್ತ ಅಧ್ಯಾಪಕ, ಸರಸ್ವತಿಪುರಂ):

ನಿಮ್ಮ ಸಿಟ್ಟು ನ್ಯಾಯವಾದದ್ದೇ, ಮಗಳೇ. ಆದರೆ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಇಂಥದೇ ಪ್ರಸಂಗ 1837ರ ಡಿಸೆಂಬರ್‌ನಲ್ಲಿ ನಡೆದಿತ್ತು. ಆಗ ಬ್ರಿಟಿಷರ ಆಳ್ವಿಕೆಯಲ್ಲಿದ್ದ ಕೆನಡಾದ ಬಂಡುಕೋರರಿಗೆ ಸಾಮಗ್ರಿ ಸಾಗಿಸುತ್ತಿದ್ದ ಕ್ಯಾರೊಲಿನ್ ಎಂಬ ಹಡಗನ್ನು ಬ್ರಿಟಿಷರ ಪಡೆ ಅಮೆರಿಕದ ದಡಕ್ಕೇ ನುಗ್ಗಿ ಹಿಡಿದು, ಬೆಂಕಿ ಹಚ್ಚಿ, ನಯಾಗರಾ ನದಿಯಲ್ಲಿ ತೇಲಿಬಿಟ್ಟಿತು. ಅದರ ಬಗ್ಗೆ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಡೇನಿಯಲ್ ವೆಬ್‌ಸ್ಟರ್ ಬರೆದ ಪತ್ರಗಳಿಂದ ಒಂದು ಅಳತೆಗೋಲು ಹುಟ್ಟಿತು: ಬೇರೆ ದಾರಿಯೇ ಇಲ್ಲದಷ್ಟು, ಯೋಚಿಸಲೂ ಪುರಸೊತ್ತಿಲ್ಲದಷ್ಟು ಅಪಾಯ ಎದುರಿಗಿದ್ದರೆ ಮಾತ್ರ ಆತ್ಮರಕ್ಷಣೆಯ ಹೆಸರಿನಲ್ಲಿ ಪರರ ನೆಲಕ್ಕೆ ಕಾಲಿಡಬಹುದು.

ಅಂಗೋಸ್ತುರಾವನ್ನು ಈ ಅಳತೆಗೆ ಹಿಡಿದು ನೋಡಿ. ಕೊಲಂಬಿಯಾದ ಅಧ್ಯಕ್ಷ ಅಲ್ವಾರೊ ಉರಿಬೆ ಅಂದು ಬೆಳಿಗ್ಗೆ ಈಕ್ವೆಡಾರ್‌ನ ಅಧ್ಯಕ್ಷ ರಫಾಯೆಲ್ ಕೊರೆಯಾ ಅವರಿಗೆ ಫೋನ್ ಮಾಡಿ, ಕಾದಾಟದಲ್ಲಿ ಬೆನ್ನಟ್ಟುತ್ತಾ ತಮ್ಮವರು ಗಡಿ ದಾಟಬೇಕಾಯಿತು ಎಂಬ ಅರ್ಥದಲ್ಲಿ ಹೇಳಿದರು. ಈಕ್ವೆಡಾರ್‌ನ ಸೈನಿಕರು ಕಾಡಿನೊಳಗೆ ಹೋಗಿ ನೋಡಿದಾಗ ಕಂಡದ್ದು ಮಲಗುವ ಉಡುಪಿನಲ್ಲೇ ಸತ್ತುಬಿದ್ದ ಶವಗಳು. ಮಲಗಿದ್ದವರನ್ನು ಬೆನ್ನಟ್ಟುವುದೆಂದರೇನು? ಸಂಬಂಧವನ್ನು ಮುರಿದದ್ದು ಬಾಂಬಿಗಿಂತ ಹೆಚ್ಚಾಗಿ ಆ ಫೋನಿನ ಮಾತು ಎಂಬುದು ನನ್ನ ದೃಢ ಅಭಿಪ್ರಾಯ. ಮಾರ್ಚ್ 7ರಂದು ಡೊಮಿನಿಕನ್ ಗಣರಾಜ್ಯದ ಸ್ಯಾಂಟೊ ಡೊಮಿಂಗೊದಲ್ಲಿ ನಡೆದ ಲ್ಯಾಟಿನ್ ಅಮೆರಿಕದ ನಾಯಕರ ಸಮ್ಮೇಳನದಲ್ಲಿ ಉರಿಬೆ ಎದ್ದುಹೋಗಿ ಕೊರೆಯಾ ಅವರ ಕೈ ಕುಲುಕಿದರು. ಆದರೂ ಸಂಬಂಧ ಪೂರ್ತಿಯಾಗಿ ಸರಿಹೋಗಲು 2010ರ ಕೊನೆಯವರೆಗೆ ಕಾಯಬೇಕಾಯಿತು.

ಉತ್ತರ 2 (ರೈತ, ಮಂಡ್ಯ ತಾಲ್ಲೂಕು):

ಮೇಷ್ಟ್ರು ಹೇಳಿದ್ದಕ್ಕೆ ನನ್ನದೂ ಎರಡು ಮಾತು ಸೇರಿಸುತ್ತೇನೆ. ನಮ್ಮ ಕಡೆ ಚಿರತೆ ನಮ್ಮ ಕೊಟ್ಟಿಗೆಯ ಕುರಿ ಹೊತ್ತುಕೊಂಡು ಪಕ್ಕದವರ ಕಬ್ಬಿನ ಗದ್ದೆಗೆ ನುಗ್ಗಿ ಮಲಗುತ್ತದೆ. ಹಾಗೆಂದು ಅವರ ಕಬ್ಬಿಗೆ ರಾತ್ರೋರಾತ್ರಿ ಬೆಂಕಿ ಇಡಲು ನಮಗೆ ಹಕ್ಕಿಲ್ಲ. ಅವರನ್ನು ಎಬ್ಬಿಸಿ, ಅವರ ಒಪ್ಪಿಗೆಯಿಂದ ಬೋನು ಇಡಿಸಬೇಕು.

ಇನ್ನೊಂದು ವಿಷಯ ಚರ್ಚೆಯಲ್ಲಿ ಬರದಿರುವುದು ನನಗೆ ನೋವು ತಂದಿತು. ಈ ದೇಶಗಳ ಜಗಳ ಬಾಂಬಿನಿಂದ ಶುರುವಾದದ್ದಲ್ಲ. ಕೊಕೇನ್ ತಯಾರಿಸಲು ಬಳಸುವ ಕೋಕಾ ಬೆಳೆಯನ್ನು ನಾಶಮಾಡಲು ಕೊಲಂಬಿಯಾ ಗಡಿಯುದ್ದಕ್ಕೂ ವಿಮಾನದಿಂದ ಗ್ಲೈಫೋಸೇಟ್ ಕಳೆನಾಶಕ ಸಿಂಪಡಿಸುತ್ತಿತ್ತು. ಅದು ಗಾಳಿಯಲ್ಲಿ ತೇಲಿಬಂದು ತನ್ನ ರೈತರ ಬೆಳೆ, ಆರೋಗ್ಯ ಎರಡನ್ನೂ ಕೆಡಿಸುತ್ತಿದೆ ಎಂದು ಈಕ್ವೆಡಾರ್ ವರ್ಷಗಟ್ಟಲೆ ದೂರುತ್ತಿತ್ತು. ಕಬ್ಬಿನ ಗದ್ದೆಗೆ ಟೂ-ಫೋರ್-ಡಿ ಕಳೆನಾಶಕ ಹೊಡೆದ ದಿನ ಗಾಳಿ ಎದ್ದರೆ ಬದುವಿನಾಚೆಯ ಟೊಮೆಟೊ ಎಲೆ ಹೇಗೆ ಮುರುಟಿಕೊಳ್ಳುತ್ತದೆ ಎಂದು ಕಂಡವರಿಗೆ ಆ ದೂರಿನ ತೂಕ ಗೊತ್ತಾಗುತ್ತದೆ. ಅದೇ 2008ರ ಮಾರ್ಚ್ 31ರಂದು ಈಕ್ವೆಡಾರ್ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು; 2013ರಲ್ಲಿ ಕೊಲಂಬಿಯಾ 1.5 ಕೋಟಿ ಡಾಲರ್ ಕೊಡಲು ಒಪ್ಪಿದ ಮೇಲೆ ವ್ಯಾಜ್ಯ ರಾಜಿಯಾಯಿತು.

ವಿದ್ಯಾರ್ಥಿನಿಯ ಮರುಪ್ರಶ್ನೆ:

ಇಬ್ಬರಿಗೂ ಕೃತಜ್ಞತೆಗಳು. ಆದರೆ ಗದ್ದೆಯ ಒಡೆಯನೇ ಚಿರತೆಯನ್ನು ಸಾಕುತ್ತಿದ್ದರೆ? ಶಿಬಿರದಲ್ಲಿ ಸಿಕ್ಕ ರೆಯೆಸ್ ಅವರ ಲ್ಯಾಪ್‌ಟಾಪ್‌ಗಳಲ್ಲಿ ನೆರೆಯ ಸರ್ಕಾರಗಳ ನಂಟಿಗೆ ಪುರಾವೆ ಇದೆ ಎಂದು ಕೊಲಂಬಿಯಾ ಹೇಳಿತ್ತಲ್ಲವೇ?

ಉತ್ತರ 1ರವರು ಮತ್ತೆ:

ಹೇಳಿತ್ತು, ಈಕ್ವೆಡಾರ್ ಮತ್ತು ವೆನೆಜುವೆಲಾ ಸರ್ಕಾರಗಳೆರಡೂ ಅಲ್ಲಗಳೆದವು. ಕಡತಗಳನ್ನು ತಿದ್ದಿದ ಗುರುತಿಲ್ಲ ಎಂದು ಇಂಟರ್‌ಪೋಲ್ 2008ರ ಮೇ ತಿಂಗಳಲ್ಲಿ ವರದಿ ಕೊಟ್ಟಿತು. ಆದರೆ ಮೊದಲ ಮೂರು ದಿನ ಕೊಲಂಬಿಯಾದ ಪೊಲೀಸರು ಅವುಗಳನ್ನು ತೆರೆದ ರೀತಿ ಅಂತರರಾಷ್ಟ್ರೀಯ ನಿಯಮಕ್ಕೆ ಹೊಂದುವುದಿಲ್ಲವೆಂದೂ ಅದೇ ವರದಿ ಹೇಳಿತು. ಕಡತಗಳಲ್ಲಿ ಬರೆದಿರುವುದು ನಿಜವೋ ಸುಳ್ಳೋ ಎಂಬುದನ್ನು ಇಂಟರ್‌ಪೋಲ್ ಪರಿಶೀಲಿಸಲೇ ಇಲ್ಲ. ಇರಲಿ, ಪುರಾವೆ ಗಟ್ಟಿ ಎಂದೇ ಇಟ್ಟುಕೊಂಡರೂ ಅದು ಕೈಗೆ ಬಂದದ್ದು ಬಾಂಬು ಹಾಕಿದ ಮೇಲೆ. ಅದಕ್ಕೂ ಮುಂಚೆ ಆದ ದಾಳಿಯನ್ನು ಅದರಿಂದ ಸಮರ್ಥಿಸಲಾಗದು.

ನಮ್ಮ ನೆರೆಯ ಭೂತಾನವನ್ನೂ ನೆನೆಯಿರಿ. ಅಸ್ಸಾಂ ಮತ್ತು ಉತ್ತರ ಬಂಗಾಳದ ಬಂಡುಕೋರರು ಅಲ್ಲಿನ ಕಾಡುಗಳಲ್ಲಿ ಸುಮಾರು ಮೂವತ್ತು ಶಿಬಿರ ಹೂಡಿದ್ದರು. ಭಾರತ ವರ್ಷಗಳ ಕಾಲ ಒತ್ತಾಯಿಸಿತು; ಭೂತಾನ ಬಂಡುಕೋರರೊಡನೆ ಮಾತುಕತೆ ನಡೆಸಿ ಸೋತ ಬಳಿಕ, 2003ರ ಡಿಸೆಂಬರ್‌ನಲ್ಲಿ ತನ್ನದೇ ಸೈನ್ಯದಿಂದ ಅವರನ್ನು ಹೊರಹಾಕಿತು. ಗಡಿಯ ಈಚೆ ಭಾರತದ ಸೇನೆ ದಾರಿ ಕಟ್ಟಿ ನಿಂತಿತ್ತು. ಎಲ್ಲ ನೆರೆಹೊರೆಯಲ್ಲೂ ಇಷ್ಟು ವಿಶ್ವಾಸ ಇರುವುದಿಲ್ಲ, ಒಪ್ಪುತ್ತೇನೆ. ಮುಂದಿನ ಚರ್ಚೆಗೆ ಮೊದಲು ಅಮೆರಿಕ ಖಂಡದ ರಾಷ್ಟ್ರಗಳ ಸಂಘಟನೆ 2008ರ ಮಾರ್ಚ್ 5 ಮತ್ತು 17ರಂದು ಮಾಡಿದ ನಿರ್ಣಯಗಳನ್ನು ಓದಿಕೊಳ್ಳಿ. ದಾಳಿಯನ್ನು ತಿರಸ್ಕರಿಸಿದ ಎರಡನೆಯ ನಿರ್ಣಯದಲ್ಲೇ ಬಂಡುಕೋರರನ್ನು ತಡೆಯುವ ಹೊಣೆಯ ಮಾತೂ ಇದೆ. ನಿಮ್ಮ ವಾದಕ್ಕೆ ಸಿಗುವ ಆಧಾರವೂ ಅಲ್ಲೇ ಇದೆ.