ತುರ್ತು ಬೇರೆ, ಜತನ ಬೇರೆ: ‘ಆದ್ಯತೆ’ ಒಂದೇ ಪದ ಸಾಕೇ?

ಉಡುಪಿಯ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಸಾಧನಜಾಲಗಳ (ಒಂದಕ್ಕೊಂದು ಸುದ್ದಿ ಕಳಿಸುವ ಸಂವೇದಕ, ಯಂತ್ರಗಳ ಜಾಲ) ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ‘ಪ್ರಯಾರಿಟಿ’ಗೆ ‘ಆದ್ಯತೆ’ ಎಂದು ಬರೆದು ಎರಡು ಪುಟ ಸಾಗುವಷ್ಟರಲ್ಲಿ ಪದ ಕೈಕೊಟ್ಟಿತು.

ಉದಾಹರಣೆಗೆ ಮಲ್ಪೆಯ ಆಳಸಮುದ್ರ ಬೋಟೊಂದನ್ನು ಇಟ್ಟುಕೊಂಡಿದ್ದೇನೆ. ತಳದಲ್ಲಿ ನೀರು ಏರಿದರೆ ಒಂದು ಸಂವೇದಕ ಕೂಗುತ್ತದೆ. ಮೀನಿನ ಕೋಣೆಯ ತಾಪವನ್ನು ಇನ್ನೊಂದು ಹತ್ತು ನಿಮಿಷಕ್ಕೊಮ್ಮೆ ಬರೆದಿಡುತ್ತದೆ. ನೀರಿನ ಸುದ್ದಿ ಆ ಕ್ಷಣವೇ ದಡ ಮುಟ್ಟಬೇಕು; ಅರ್ಧ ಗಂಟೆ ತಡವಾದರೆ ಬಂದೂ ಬಾರದ ಹಾಗೆ. ತಾಪದ ಲೆಕ್ಕ ಬೋಟು ಬಂದರಿಗೆ ಬಂದ ಮೇಲೆ ತಲುಪಿದರೂ ನಡೆಯುತ್ತದೆ, ಆದರೆ ನಡುವೆ ಒಂದು ಸಾಲೂ ಕಳೆಯಬಾರದು. ಎರಡಕ್ಕೂ ‘ಹೆಚ್ಚಿನ ಆದ್ಯತೆ’ ಎಂದರೆ ವಿದ್ಯಾರ್ಥಿಗೆ ಏನು ತಿಳಿದಂತಾಯಿತು?

ಮೊದಲನೆಯದಕ್ಕೆ ‘ತುರ್ತು’ ಇದೆ. ಎರಡನೆಯದಕ್ಕೆ ‘ಮುಖ್ಯ’, ‘ಮಹತ್ವದ’ ಎರಡೂ ಸಪ್ಪೆ. ತುರ್ತಿನದೂ ಮುಖ್ಯವೇ ತಾನೇ? ಜಾಗದ ಪತ್ರವನ್ನು ಕೈಗೆ ಕೊಡುವಾಗ ಹಿರಿಯರು ‘ಜತನ’ ಎನ್ನುತ್ತಾರೆ. ಬೇಗ ಹೋಗು ಎಂದಲ್ಲ, ಕಳೆಯಬೇಡ ಎಂದು. ‘ಜತನದ ದತ್ತಾಂಶ’ ಎನ್ನಬಹುದೇ?

ಈ ಭೇದ ಹೊಸದಲ್ಲ. 1981ರ ಐಪಿ (ಇಂಟರ್ನೆಟ್ ಪ್ರೊಟೊಕಾಲ್) ನಿಯಮದಲ್ಲೇ ಅಗ್ರತೆಗೆ, ಅಂದರೆ ಯಾವುದು ಮೊದಲು ಎನ್ನಲು, ಮೂರು ಬಿಟ್ ಇದ್ದವು. ‘ತಡವಾಗಬಾರದು’ ಎನ್ನಲು ಬೇರೊಂದು ಬಿಟ್, ‘ಕಳೆಯಬಾರದು’ ಎನ್ನಲು ಮತ್ತೊಂದು. ಸಾಧನಗಳು ಸಂದೇಶ ಕಳಿಸಲು ಬಳಸುವ ಎಂಕ್ಯೂಟಿಟಿ (MQTT) ಎಂಬ ನಿಯಮದ 0, 1, 2 ಎಂಬ ಹಂತಗಳನ್ನು ‘ಸೇವಾ ಗುಣಮಟ್ಟ’ ಎಂದು ಅನುವಾದಿಸಿದರೆ, 2 ಎಂದರೆ ಅತಿ ವೇಗ ಎಂದು ಓದುವವರು ತಿಳಿಯುತ್ತಾರೆ. ನಿಜದಲ್ಲಿ ಅವು ಹೆಚ್ಚೆಂದರೆ ಒಮ್ಮೆ, ಕಡಿಮೆಯೆಂದರೆ ಒಮ್ಮೆ, ಸರಿಯಾಗಿ ಒಮ್ಮೆ ತಲುಪಿಸುವ ಮಾತುಗಳು. 2ರ ಸಂದೇಶ ಮುಗಿಯಲು ಎರಡು ಕಡೆಯ ನಡುವೆ ನಾಲ್ಕು ಕಟ್ಟುಗಳು (ಪ್ಯಾಕೆಟ್) ಓಡಾಡಬೇಕು, ಹಾಗಾಗಿ ಅದು ನಿಧಾನವೇ. ‘ಜತನದ ಹಂತ’ ಎಂದರೆ ಈ ತಪ್ಪು ತಿಳಿವಳಿಕೆಗೆ ಎಡೆಯೇ ಇರುವುದಿಲ್ಲ.

ಇನ್ನೊಂದು ಪದ. ಕಟ್ಟುಗಳು ಕಾದು ನಿಲ್ಲುವ ಎಲ್ಲ ಸಾಲುಗಳಿಗೂ (ಕ್ಯೂ) ಸರದಿಯಂತೆ ಅವಕಾಶ ಕೊಡುವ ‘ರೌಂಡ್ ರಾಬಿನ್’ಗೆ ನಮ್ಮೂರಿನಲ್ಲಿ ಮೊದಲು ನೆನಪಾಗುವುದು ‘ಪರ್ಯಾಯ’. ಅಷ್ಟಮಠಗಳಿಗೆ ಎರಡೆರಡು ವರ್ಷದ ಪೂಜೆಯ ಸರದಿ, ಎಂಟೂ ಮುಗಿದ ಮೇಲೆ ಮತ್ತೆ ಮೊದಲಿನಿಂದ. ಇಷ್ಟು ಚೆನ್ನಾಗಿ ಹೊಂದುವ ಪದವನ್ನು ಬಿಡಲು ಮನಸ್ಸಿಲ್ಲ. ಆದರೆ ಅದೇ ಪಾಠದಲ್ಲಿ ‘ಪರ್ಯಾಯ ಮಾರ್ಗ’ ಬದಲಿ ದಾರಿ ಎಂಬ ಅರ್ಥದಲ್ಲಿ ಬಂದಿದೆ. ಕರಾವಳಿಯ ಆಚೆಯವರು ‘ಪರ್ಯಾಯ ಹಂಚಿಕೆ’ಯನ್ನು ‘ಸರದಿ ಹಂಚಿಕೆ’ ಎಂದೇ ಓದಿಕೊಳ್ಳುತ್ತೀರಾ?

ತುರ್ತಿನ ಕಟ್ಟುಗಳೇ ಬರುತ್ತಿದ್ದು ಹಿಂದಿನ ಸಾಲು ಕಾದೇ ಉಳಿಯುವ ಸ್ಥಿತಿಗೆ (ಇಂಗ್ಲಿಷಿನ ‘ಸ್ಟಾರ್ವೇಶನ್’) ‘ಉಪವಾಸ ಬೀಳುವುದು’ ಎಂದು ಬರೆದಿದ್ದೇನೆ. ‘ಉಪವಾಸ ಮಾಡುವುದು’ ಎಂದರೆ ವ್ರತವಾಗುತ್ತದೆ. ಇದಕ್ಕಿಂತ ಒಳ್ಳೆಯ ಪದ ಬಳಕೆಯಲ್ಲಿದ್ದರೆ ದಯವಿಟ್ಟು ತಿಳಿಸಿ.